ಕೊಂಜಾಕ್ ನೂಡಲ್ಸ್: ವಾಸನೆ ಕಳೆದು, ನೀರು ಆರಿಸಿ, ರುಚಿ ಹತ್ತಿಸುವುದು ಹೇಗೆ?

ತೂಕ ಇಳಿಸಲು ಹೊರಟವರಿಂದ ಇತ್ತೀಚೆಗೆ ಒಂದೇ ಥರದ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. "ಕೊಂಜಾಕ್ ನೂಡಲ್ಸ್ ತಂದೆ, ಪ್ಯಾಕೆಟ್ ಕತ್ತರಿಸಿದರೆ ಮೀನಿನ ವಾಸನೆ. ಕೆಟ್ಟಿದೆಯಾ?" "ಎಷ್ಟು ಬೇಯಿಸಿದರೂ ರಬ್ಬರ್ ಥರ ಇದೆ, ಏನು ಮಾಡಲಿ?" "ಮಸಾಲೆ ಹಿಡಿಯೋದೇ ಇಲ್ಲ, ಯಾಕೆ?"

ಮೂರಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ. ಇದನ್ನು ಮಾಮೂಲಿ ನೂಡಲ್ಸ್ ಥರ ಬೇಯಿಸಬಾರದು. ಮಾಮೂಲಿ ನೂಡಲ್ಸಿಗೆ ನೀರು ಕುಡಿಸಬೇಕು, ಇದರ ನೀರು ತೆಗೆಯಬೇಕು. ಇದು ಗೊತ್ತಿಲ್ಲದೆ ಎಷ್ಟೋ ಪ್ಯಾಕೆಟ್‌ಗಳು ಒಂದೇ ತುತ್ತಿಗೆ ಕಸದ ಬುಟ್ಟಿ ಸೇರುತ್ತಿವೆ. ಬೆಲೆಯೂ ಕಮ್ಮಿಯಲ್ಲ ನೋಡಿ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇದು ಯಾವುದರಿಂದ ಮಾಡಿದ್ದು?

ಕೊಂಜಾಕ್ ಒಂದು ಗಡ್ಡೆ. ನಮ್ಮ ಸುವರ್ಣಗಡ್ಡೆಗೆ ದಾಯಾದಿ. ಸಸ್ಯಶಾಸ್ತ್ರದವರು ಎರಡನ್ನೂ ಅಮಾರ್ಫೊಫ್ಯಾಲಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದಾರೆ. ಹಸಿಯಾಗಿ ತಿಂದರೆ ಬಾಯಿ, ಗಂಟಲು ಕೆರೆಯುವ ಗುಣವೂ ಎರಡಕ್ಕೂ ಇದೆ. ಜಪಾನಿನಲ್ಲಿ ಬೆಳೆಯುವ ಕೊಂಜಾಕ್‌ನಲ್ಲಿ ಬಹುಪಾಲು ಗುನ್ಮಾ ಪ್ರಾಂತ್ಯದ್ದು. ನೆಟ್ಟ ಗಡ್ಡೆ ಕೀಳುವಷ್ಟು ದೊಡ್ಡದಾಗಲು ಎರಡು ಮೂರು ವರ್ಷ ಬೇಕು.

ಈ ಗಡ್ಡೆಯನ್ನು ಹೆಚ್ಚಿ, ಒಣಗಿಸಿ, ಹಿಟ್ಟು ಮಾಡುತ್ತಾರೆ. ಹಿಟ್ಟನ್ನು ನೀರಲ್ಲಿ ಕಲಸಿ, ಸುಣ್ಣದ ನೀರು ಬೆರೆಸಿ ಬಿಸಿ ಮಾಡಿದರೆ ಗಟ್ಟಿ ಜೆಲ್ಲಿ ಆಗುತ್ತದೆ. ಅದನ್ನು ಗಟ್ಟಿ ತುಂಡು ಮಾಡಿದರೆ ಕೊನ್ಯಾಕು, ಎಳೆ ಎಳೆಯಾಗಿ ಒತ್ತಿದರೆ ಶಿರಾಟಕಿ. ಅಂಗಡಿಯಲ್ಲಿ ಶಿರಾಟಕಿ ನೂಡಲ್ಸ್, ಕೊಂಜಾಕ್ ನೂಡಲ್ಸ್ ಅಂತ ಎರಡು ಹೆಸರಿದ್ದರೂ ಪದಾರ್ಥ ಒಂದೇ. ಜಪಾನಿನವರು ಇದನ್ನು ಡಯಟ್‌ಗೆಂದು ಕಂಡುಹಿಡಿದದ್ದಲ್ಲ. ಸುಕಿಯಾಕಿ, ಓಡೆನ್‌ನಂಥ ಮನೆ ಅಡುಗೆಗಳಲ್ಲಿ ಅವರು ಮೊದಲಿನಿಂದಲೂ ಹಾಕಿಕೊಂಡು ಬಂದಿದ್ದಾರೆ. ಅಲ್ಲಿ ಅದು ಊಟದ ಒಂದು ಭಾಗ, ಅದೇ ಇಡೀ ಊಟ ಅಲ್ಲ. ಈ ಮಾತು ಆಮೇಲೆ ಬೇಕಾಗುತ್ತದೆ.

ಈ ಜೆಲ್ಲಿಯಲ್ಲಿ ನೂರಕ್ಕೆ ಸುಮಾರು 97 ಪಾಲು ನೀರು. ಉಳಿದ 3 ಪಾಲು ಗ್ಲುಕೋಮನ್ನಾನ್. ಅಂದರೆ ನೀರು ಹೀರಿ ಉಬ್ಬುವ, ನಮ್ಮ ಹೊಟ್ಟೆ ಅರಗಿಸಲಾಗದ ಒಂದು ನಾರು. ಅದಕ್ಕೇ 100 ಗ್ರಾಂಗೆ 5ರಿಂದ 10 ಕ್ಯಾಲೊರಿ ಬಂದರೆ ಹೆಚ್ಚು. 70 ಗ್ರಾಂನ ಒಂದು ಇನ್‌ಸ್ಟಂಟ್ ನೂಡಲ್ಸ್ ಪ್ಯಾಕೆಟ್ಟಿನಲ್ಲಿ ಸುಮಾರು 300 ಕ್ಯಾಲೊರಿ ಇರುತ್ತದೆ, ಏಕೆಂದರೆ ಅದು ಮೈದಾದ್ದು, ಮೇಲಾಗಿ ಎಣ್ಣೆಯಲ್ಲಿ ಕರಿದದ್ದು. ವ್ಯತ್ಯಾಸ ಗೊತ್ತಾಯಿತಲ್ಲ.

ಒಂದು ಮಾತು: ದಾಯಾದಿ ಅಂದ ಮಾತ್ರಕ್ಕೆ ಸುವರ್ಣಗಡ್ಡೆಯಿಂದ ಮನೆಯಲ್ಲೇ ಇದನ್ನು ಮಾಡಲು ಹೋಗಬೇಡಿ. ಸುವರ್ಣಗಡ್ಡೆಯಲ್ಲಿ ಇರುವುದು ಮುಖ್ಯವಾಗಿ ಪಿಷ್ಟ. ಪಲ್ಯ ಚೆನ್ನಾಗಿ ಆಗುತ್ತದೆ, ಶಿರಾಟಕಿ ಆಗುವುದಿಲ್ಲ.

ಕೊಳ್ಳುವಾಗ ಎಡವುವ ಜಾಗಗಳು

ಪ್ಯಾಕೆಟ್ಟಿನ ಮುಂದಿನ ಬಣ್ಣದ ಅಕ್ಷರಗಳನ್ನು ಬಿಟ್ಟು ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ನೀರು, ಕೊಂಜಾಕ್ ಹಿಟ್ಟು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಷ್ಟೇ ಇದ್ದರೆ ಸರಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದರೆ ಗಾಬರಿ ಬೇಡ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಅದೇ. ಓಟ್ಸ್ ನಾರು ಅಥವಾ ಟೋಫು (ಸೋಯಾ ಹಾಲಿನ ಪನೀರ್) ಬೆರೆಸಿದ್ದೂ ಸಿಗುತ್ತದೆ. ಅದು ಸ್ವಲ್ಪ ಮೆತ್ತಗೆ, ಬೆಳ್ಳಗೆ ಇರುತ್ತದೆ. ಮೊದಲ ಸಲ ತಿನ್ನುವವರಿಗೆ ಅದೇ ಸುಲಭ.

ಗ್ಲಾಸ್ ನೂಡಲ್ಸ್ ನೋಡಿ ಮೋಸಹೋಗುವವರು ಬಹಳ. ಬೇಯಿಸಿದ ಮೇಲೆ ಅದೂ ಶಿರಾಟಕಿಯಷ್ಟೇ ಪಾರದರ್ಶಕ. ಆದರೆ ಅದು ಹೆಸರುಕಾಳಿನ ಪಿಷ್ಟದ್ದು. ಒಣ ತೂಕದ 100 ಗ್ರಾಂಗೆ ಸುಮಾರು 350 ಕ್ಯಾಲೊರಿ. ಅಕ್ಕಿ ನೂಡಲ್ಸ್, ಗೋಧಿ ನೂಡಲ್ಸ್, ರಾಗಿ ಶಾವಿಗೆ, ಸಿರಿಧಾನ್ಯದ ನೂಡಲ್ಸ್ ಎಲ್ಲವೂ ಆ ಲೆಕ್ಕದ ಆಸುಪಾಸಿನಲ್ಲೇ ಇರುತ್ತವೆ. ರಾಗಿ ಶಾವಿಗೆ ಮೈದಾಕ್ಕಿಂತ ಒಳ್ಳೆಯದು, ನಾರು ಜಾಸ್ತಿ, ಒಪ್ಪಿದೆ. ಆದರೆ "ಆರೋಗ್ಯಕ್ಕೆ ಒಳ್ಳೆಯದು" ಬೇರೆ, "ಕ್ಯಾಲೊರಿ ಕಡಿಮೆ" ಬೇರೆ. ಡಯಟ್ ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಪ್ಯಾಕೆಟ್ಟಿನ ಮೇಲೆ ಎರಡು ತೂಕ ಬರೆದಿದ್ದರೆ ನೀರು ಸೋಸಿದ ಮೇಲಿನ ತೂಕವನ್ನೇ ನೋಡಿ. ಒಬ್ಬರಿಗೆ ಸೋಸಿದ ತೂಕ 150ರಿಂದ 200 ಗ್ರಾಂ ಸಾಕು. ವಿದೇಶದಲ್ಲಿರುವವರು ಏಷ್ಯನ್ ಅಂಗಡಿಗಳಲ್ಲಿ ಟೋಫು ಇಡುವ ಫ್ರಿಜ್ ಹತ್ತಿರ ಹುಡುಕಿ. ಇಲ್ಲಿ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಅಥವಾ ಆನ್‌ಲೈನಿನಲ್ಲಿ ಸಿಗುತ್ತದೆ.

ಏನೇನು ಬೇಕು?

ತೂತಿನ ಜಾಲರಿ ಅಥವಾ ಸೋಸುವ ಬುಟ್ಟಿ, ಅಗಲ ಬಾಯಿಯ ಬಾಣಲೆ (ತಳ ಹಿಡಿಯದ ನಾನ್‌ಸ್ಟಿಕ್ ಅಥವಾ ಚೆನ್ನಾಗಿ ಪಳಗಿದ ಕಬ್ಬಿಣದ್ದು), ಅಡುಗೆಮನೆಯ ಕತ್ತರಿ, ಒಂದು ಒಗೆದ ಹತ್ತಿ ಬಟ್ಟೆ, ಒಂದು ಚಮಚ ವಿನೆಗರ್ ಅಥವಾ ಅರ್ಧ ನಿಂಬೆಹಣ್ಣು. ಜೊತೆಗೆ ಒಂದು ಅಳತೆಯ ಟೀ ಚಮಚ. ಇದು ಎಣ್ಣೆಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ಮೊದಲು ಉಳಿದದ್ದೆಲ್ಲ ತಯಾರು ಮಾಡಿಕೊಳ್ಳಿ

ತರಕಾರಿ ಹೆಚ್ಚಿ, ಮಸಾಲೆ ಅಳೆದು, ಮೊಟ್ಟೆಯೋ ಪನೀರೋ ಹೊರಗಿಟ್ಟುಕೊಂಡು ಆಮೇಲೆ ಪ್ಯಾಕೆಟ್ ಕತ್ತರಿಸಿ. ನೂಡಲ್ಸ್ ಒಣಗಿದ ಕೂಡಲೇ ಮಸಾಲೆಗೆ ಬೀಳಬೇಕು. ಒಣಗಿಸಿಟ್ಟು ಈರುಳ್ಳಿ ಹೆಚ್ಚಲು ಕೂತರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಮತ್ತೆ ಒಳಗಿನ ನೀರು ಬಿಡುತ್ತವೆ.

ಹಂತ 2: ತೊಳೆಯಿರಿ, ಚೆನ್ನಾಗಿ ತೊಳೆಯಿರಿ

ಪ್ಯಾಕೆಟ್ಟನ್ನು ಸಿಂಕಿನ ಮೇಲೆ ಹಿಡಿದು ಕತ್ತರಿಸಿ. ಒಳಗಿನ ನೀರನ್ನು ಪೂರ್ತಿ ಚೆಲ್ಲಿ, ಅಡುಗೆಗೆ ಒಂದು ಹನಿಯೂ ಬೇಡ. ಮೀನಿನಂಥ ವಾಸನೆ ಬರುವುದು ಇಲ್ಲೇ. ಕೊಂಜಾಕ್ ಹಿಟ್ಟಿಗೆ ಸುಣ್ಣದ ನೀರು ಸೇರಿದಾಗ ಈ ವಾಸನೆ ಹುಟ್ಟುತ್ತದೆ. ಕೆಟ್ಟದ್ದಕ್ಕೆ ಬರುವ ವಾಸನೆ ಅಲ್ಲ. ಪ್ಯಾಕೆಟ್ ಉಬ್ಬಿದ್ದರೆ, ನೀರು ಹುಳಿ ವಾಸನೆ ಬಂದರೆ, ಎಳೆಗಳು ಕೈಯಲ್ಲಿ ಕರಗಿಹೋದರೆ ಮಾತ್ರ ಕೆಟ್ಟಿದೆ ಅಂತ ಲೆಕ್ಕ. ಆಗ ಎಸೆಯಿರಿ.

ಜಾಲರಿಗೆ ಹಾಕಿ ನಲ್ಲಿ ಕೆಳಗೆ ಒಂದೆರಡು ನಿಮಿಷ ಕೈಯಾಡಿಸುತ್ತಾ ತೊಳೆಯಿರಿ. ಸುಮ್ನೆ ಮೇಲಿಂದ ನೀರು ಸುರಿದರೆ ಸಾಲದು. ಎಳೆಗಳ ಮಧ್ಯೆ ಬೆರಳು ಹೋಗಬೇಕು. ಆಮೇಲೆ ಒಂದು ಪಾತ್ರೆ ನೀರಿಗೆ ಒಂದು ಚಮಚ ವಿನೆಗರ್ ಅಥವಾ ನಿಂಬೆರಸ ಹಾಕಿ ಐದು ನಿಮಿಷ ನೆನೆಸಿ, ಮತ್ತೊಮ್ಮೆ ಬರೀ ನೀರಲ್ಲಿ ತೊಳೆಯಿರಿ. ಸುಣ್ಣದ ಕ್ಷಾರಕ್ಕೆ ಹುಳಿ ತಗುಲಿದರೆ ವಾಸನೆ ಅಡಗುತ್ತದೆ. ಮೀನು ತೊಳೆಯುವವರು ನಿಂಬೆಹಣ್ಣು, ಹುಣಸೆಹಣ್ಣು ಬಳಸುವುದು ಇದೇ ಲೆಕ್ಕಾಚಾರದಿಂದ.

ಹಂತ 3: ಕತ್ತರಿಸಿ

ಇದನ್ನು ಬಿಡಬೇಡಿ. ಮಾಮೂಲಿ ನೂಡಲ್ಸ್ ಹಲ್ಲಿಗೆ ಸಿಕ್ಕ ಕೂಡಲೇ ತುಂಡಾಗುತ್ತದೆ, ಇದು ಜಾರುತ್ತದೆ. ಉದ್ದನೆಯ ಎಳೆ ಅಗಿಯದೆಯೇ ಗಂಟಲಿಗೆ ಇಳಿಯಬಹುದು. ಜಾಲರಿಯಲ್ಲಿರುವಾಗಲೇ ಕತ್ತರಿ ಹಾಕಿ ಬೆರಳುದ್ದದ ತುಂಡು ಮಾಡಿ. ತಿನ್ನಲೂ ಸುಲಭ, ಮಸಾಲೆಯೂ ಸಮನಾಗಿ ಬೆರೆಯುತ್ತದೆ.

ಹಂತ 4: ಎರಡು ಮೂರು ನಿಮಿಷ ಕುದಿಸಿ

ಕುದಿಯುವ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ನೂಡಲ್ಸ್ ಬಿಟ್ಟು ಎರಡು ಮೂರು ನಿಮಿಷ ಬಿಟ್ಟು ಸೋಸಿ. ಇದು ಬೇಯಿಸಲಿಕ್ಕೆ ಅಲ್ಲ, ಅದು ಕಾರ್ಖಾನೆಯಲ್ಲೇ ಬೆಂದಿದೆ. ಉಳಿದ ವಾಸನೆ ಹೋಗಲಿ, ಎಳೆ ಸ್ವಲ್ಪ ಬಿಗಿಯಾಗಲಿ ಅಂತ ಅಷ್ಟೇ.

"ಇನ್ನೂ ಹತ್ತು ನಿಮಿಷ ಬೇಯಿಸಿದರೆ ಮೆತ್ತಗಾಗುತ್ತಾ?" ಇಲ್ಲ. ಸುಣ್ಣ ಹಾಕಿ ಗಟ್ಟಿ ಮಾಡಿದ ಈ ಜೆಲ್ಲಿ ಬಿಸಿಗೆ ಕರಗುವುದಿಲ್ಲ. ಅರ್ಧ ಗಂಟೆ ಕುದಿಸಿದರೂ ಹಾಗೇ ಇರುತ್ತದೆ. ರಬ್ಬರ್ ಥರ ಅನ್ನಿಸುವುದಕ್ಕೆ ಬೇಯದೆ ಇರುವುದು ಕಾರಣ ಅಲ್ಲ, ಒಳಗೆ ನೀರು ತುಂಬಿಕೊಂಡಿರುವುದು ಕಾರಣ. ಅದಕ್ಕೆ ಔಷಧ ಮುಂದಿನ ಹಂತದಲ್ಲಿದೆ.

ಹಂತ 5: ಎಣ್ಣೆ ಇಲ್ಲದೆ ಹುರಿಯಿರಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸೋಸಿದ ನೂಡಲ್ಸನ್ನು ಬಟ್ಟೆಯ ಮೇಲೆ ಹರವಿ, ಮೇಲಿಂದ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ ಬೇಡ, ಏನೂ ಬೇಡ. ನೂಡಲ್ಸ್ ಹಾಕಿ ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಿರಿ.

ಮೊದಲು ಬಾಣಲೆಯಲ್ಲಿ ನೀರು ಬಿಟ್ಟುಕೊಂಡು ಚುಯ್ ಅನ್ನುತ್ತದೆ, ಹಬೆ ಏಳುತ್ತದೆ. ಈ ಹೊತ್ತಿಗೆ ಅವಸರ ಮಾಡಬೇಡಿ. ಐದಾರು ನಿಮಿಷದಲ್ಲಿ ಹಬೆ ಕಡಿಮೆಯಾಗುತ್ತದೆ. ಆಮೇಲೆ ಸದ್ದು ಬದಲಾಗುತ್ತದೆ. ಚುಯ್ ಅನ್ನುವುದು ನಿಂತು, ಸೌಟಿನಿಂದ ತಳ್ಳಿದಾಗ ಎಳೆಗಳು ಬಾಣಲೆಗೆ ಉಜ್ಜಿ ಕಿರ್ ಕಿರ್ ಎನ್ನತೊಡಗುತ್ತವೆ. ಹೊಳಪು ಹೋಗಿ ಮಂಕಾಗುತ್ತವೆ, ಎಳೆ ಸ್ವಲ್ಪ ಸಣ್ಣಗಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಸಾಮಾನ್ಯವಾಗಿ ಎಂಟರಿಂದ ಹತ್ತು ನಿಮಿಷ ಹಿಡಿಯುತ್ತದೆ. ಒಲೆ, ಬಾಣಲೆ ಮೇಲೆ ಹೋಗುತ್ತದೆ. ಹಾಗಾಗಿ ಗಡಿಯಾರಕ್ಕಿಂತ ಕಿವಿ ನಂಬಿ.

ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಎರಡು ಮೂರು ಪ್ಯಾಕೆಟ್ ಒಟ್ಟಿಗೆ ಹಾಕುವುದು. ಆಗ ಹುರಿಯುವುದಿಲ್ಲ, ಅದರ ನೀರಲ್ಲೇ ಬೇಯುತ್ತದೆ. ಒಂದು ಸಲಕ್ಕೆ ಒಂದೇ ಪ್ಯಾಕೆಟ್. ಎರಡು, ಕಿರ್ ಅಂದ ಮೇಲೂ ಬಿಡದೆ ಹುರಿಯುವುದು. ನೀರು ಪೂರ್ತಿ ಹೋದರೆ ಎಳೆ ದಾರದ ಥರ ಆಗಿ ನಿಜವಾಗಿಯೂ ಹಲ್ಲಿಗೆ ಬಗ್ಗುವುದಿಲ್ಲ.

ಹಂತ 6: ಅಂಟುವ ಮಸಾಲೆ ಮಾಡಿ

ಶಾವಿಗೆ, ಅವಲಕ್ಕಿ, ಅನ್ನ ಇವೆಲ್ಲ ರಸ ಹೀರಿಕೊಳ್ಳುತ್ತವೆ. ಕೊಂಜಾಕ್ ಹೀರುವುದಿಲ್ಲ. ಅದಕ್ಕೆ ತನ್ನದೇ ರುಚಿಯೂ ಇಲ್ಲ. ಹಾಗಾಗಿ ತೆಳ್ಳಗಿನ ಸಾಸ್ ಹಾಕಿದರೆ ಸಾಸ್ ತಟ್ಟೆಯಲ್ಲಿ ಒಂದು ಕಡೆ, ನೂಡಲ್ಸ್ ಇನ್ನೊಂದು ಕಡೆ. ಮಸಾಲೆ ಎಳೆಯ ಹೊರಮೈಗೆ ಅಂಟಬೇಕು. ಅದಕ್ಕೆ ನಮ್ಮ ಅಡುಗೆಮನೆಯಲ್ಲೇ ಒಳ್ಳೊಳ್ಳೆಯ ದಾರಿಗಳಿವೆ.

ಹುರಿಗಡಲೆ ಪುಡಿ: ಎರಡು ಟೀ ಚಮಚ ಕೊನೆಯಲ್ಲಿ ಉದುರಿಸಿದರೆ ಉಳಿದ ತೇವ ಹೀರಿ, ಒಗ್ಗರಣೆ ಖಾರವನ್ನೂ ಹಿಡಿದು ಎಳೆಗೆ ಮೆತ್ತುತ್ತದೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಯೂ ಇದೇ ಕೆಲಸ ಮಾಡುತ್ತವೆ, ರುಚಿ ಇನ್ನೂ ಜಾಸ್ತಿ. ಆದರೆ ಶೇಂಗಾ, ಗುರೆಳ್ಳಿನಲ್ಲಿ ಎಣ್ಣೆ ಅಂಶ ಇರುವುದರಿಂದ ಒಂದು ಚಮಚಕ್ಕೆ ನಿಲ್ಲಿಸಿ. ಮೊಟ್ಟೆ ತಿನ್ನುವವರಿಗೆ ಕಡೆದ ಮೊಟ್ಟೆಗಿಂತ ಚೆನ್ನಾಗಿ ಅಂಟುವ ವಸ್ತು ಬೇರೆ ಬೇಡ.

ಮಸಾಲೆಯ ರುಚಿ ಮಾಮೂಲಿಗಿಂತ ಒಂದು ಕೈ ಮುಂದೆ ಇರಬೇಕಾಗುತ್ತದೆ. ಉಪ್ಪನ್ನು ಏರಿಸುವ ಬದಲು ಹುಳಿ ಖಾರ ಏರಿಸಿ. ಸೋಯಾ ಸಾಸ್ ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 2,000 ಮಿಲಿಗ್ರಾಂ. ಬಿಪಿ ಇದ್ದವರು ಸೋಯಾ ಸಾಸನ್ನು ಟೀ ಚಮಚದಲ್ಲಿ ಅಳೆಯಿರಿ. ಇನ್‌ಸ್ಟಂಟ್ ನೂಡಲ್ಸ್ ಜೊತೆ ಬರುವ ಮಸಾಲೆ ಪುಡಿಯನ್ನು ಇದಕ್ಕೆ ಹಾಕುವ ಐಡಿಯಾ ಎಲ್ಲರಿಗೂ ಬರುತ್ತದೆ. ಹಾಕಿದರೆ ಅರ್ಧ ಸಾಕು, ಮೇಲಿಂದ ಉಪ್ಪು ಬೇಡ.

ಹಂತ 7: ಪ್ರೋಟೀನ್ ಸೇರಿಸಿ, ಎಣ್ಣೆ ಅಳೆಯಿರಿ

ಡಯಟ್ ಇಲ್ಲೇ ಕೆಡುವುದು, ಅಥವಾ ಇಲ್ಲೇ ನಿಲ್ಲುವುದು. ನೂಡಲ್ಸಿನಲ್ಲಿ ಕ್ಯಾಲೊರಿ ಇಲ್ಲ ಅನ್ನುವ ಧೈರ್ಯದಲ್ಲಿ ಬಾಟಲಿಯಿಂದ ನೇರ ಎಣ್ಣೆ ಸುರಿದರೆ ಕಥೆ ಮುಗಿಯಿತು. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ. ಮೂರು ಚಮಚ ಬಿದ್ದರೆ ನೀವು ಬಿಟ್ಟ ಇನ್‌ಸ್ಟಂಟ್ ಪ್ಯಾಕೆಟ್ಟಿಗಿಂತ ಜಾಸ್ತಿ ಆಯಿತು. ಟೀ ಚಮಚ ಯಾಕೆ ಅಂದೆ ಅಂತ ಗೊತ್ತಾಯಿತಲ್ಲ? ಒಬ್ಬರಿಗೆ ಒಂದು ಟೀ ಚಮಚ, ಅಂದರೆ 40ರಿಂದ 45 ಕ್ಯಾಲೊರಿ.

ಇನ್ನೊಂದು ಕಡೆ, ಬರೀ ಕೊಂಜಾಕ್ ತಿಂದು ಎದ್ದರೆ ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಎರಡೇ ಗಂಟೆಯಲ್ಲಿ ಕೈ ತಾನಾಗಿ ಚಕ್ಕುಲಿ ಡಬ್ಬಿಗೆ ಹೋಗುತ್ತದೆ. ಅದರಲ್ಲಿ ಪ್ರೋಟೀನ್ ಇಲ್ಲ, ಹೇಳಿಕೊಳ್ಳುವಂಥ ವಿಟಮಿನ್ನೂ ಇಲ್ಲ. ಜಪಾನಿನವರು ಇದನ್ನು ಮಾಂಸ, ಟೋಫು, ಸೊಪ್ಪಿನ ಜೊತೆ ತಿನ್ನುವುದು ಸುಮ್ನೆ ಅಲ್ಲ. ಎರಡು ಮೊಟ್ಟೆ (ಸುಮಾರು 140 ಕ್ಯಾಲೊರಿ, 12 ಗ್ರಾಂ ಪ್ರೋಟೀನ್), ಅಥವಾ 100 ಗ್ರಾಂ ಟೋಫು, ಅಥವಾ ಮೊಳಕೆ ಬರಿಸಿ ಬೇಯಿಸಿದ ಒಂದು ಬಟ್ಟಲು ಹೆಸರುಕಾಳು, ಅಥವಾ ಕೋಳಿಯ ಎದೆಭಾಗ. ಇದರಲ್ಲಿ ಒಂದು ಇರಲೇಬೇಕು. ಪನೀರ್ ಹಾಕುವವರು ಲೆಕ್ಕ ಇಟ್ಟುಕೊಳ್ಳಿ, ಅದರಲ್ಲಿ ಕೊಬ್ಬೂ ಸಾಕಷ್ಟಿದೆ.

ಒಟ್ಟು ಹೀಗೆ: ನೂಡಲ್ಸ್ 15, ಎಣ್ಣೆ 45, ಎರಡು ಮೊಟ್ಟೆ 140, ಒಂದೂವರೆ ಬಟ್ಟಲು ತರಕಾರಿ 50, ಹುರಿಗಡಲೆ ಪುಡಿ 40. ಹೆಚ್ಚುಕಡಿಮೆ 290. ಅರೆ, ಇದು ಇನ್‌ಸ್ಟಂಟ್ ಪ್ಯಾಕೆಟ್ಟಿನಷ್ಟೇ ಆಯಿತಲ್ಲ ಅಂತೀರಾ? ಆಯಿತು. ಆದರೆ ಇದು ಪೂರ್ತಿ ಊಟ. ಆ ಪ್ಯಾಕೆಟ್ ಬರೀ ಮೈದಾ, ಎಣ್ಣೆ, ಉಪ್ಪು. ಅದಕ್ಕೇ ಇದೇ ಎಣ್ಣೆ, ಮೊಟ್ಟೆ, ತರಕಾರಿ ಸೇರಿಸಿದರೆ 500 ದಾಟುತ್ತದೆ.

ಮೂರು ರೀತಿ ಮಾಡಿ ನೋಡಿ

ಸಾರಿನ ಬಟ್ಟಲು. ಮೊದಲ ಸಲ ಮಾಡುವವರು ಇದರಿಂದ ಶುರು ಮಾಡಿ. ಯಾಕೆಂದರೆ ಇಲ್ಲಿ ಮಸಾಲೆ ಅಂಟಬೇಕೆಂಬ ತಲೆನೋವೇ ಇಲ್ಲ. ಬೇಳೆ ಸ್ವಲ್ಪ ಜಾಸ್ತಿ ಹಾಕಿ ಟೊಮೆಟೊ ಬೇಳೆಸಾರು ಮಾಡಿಕೊಳ್ಳಿ. ಕ್ಯಾರೆಟ್, ಹುರುಳಿಕಾಯಿ, ಒಂದು ಹಿಡಿ ಪಾಲಕ್ ಬೇಯಿಸಿ ಸೇರಿಸಿ. ಹಂತ 4ರವರೆಗೆ ಮಾಡಿದ ನೂಡಲ್ಸನ್ನು ಎರಡು ನಿಮಿಷ ಮಾತ್ರ ಬಾಣಲೆಯಲ್ಲಿ ಆರಿಸಿ ಬಟ್ಟಲಿಗೆ ಹಾಕಿ, ಮೇಲೆ ಕುದಿಯುವ ಸಾರು ಹೊಯ್ಯಿರಿ. ಕೊತ್ತಂಬರಿ, ಮೆಣಸಿನ ಪುಡಿ. ಮೊಟ್ಟೆ ತಿನ್ನುವವರು ಬೇಯಿಸಿದ ಮೊಟ್ಟೆಯನ್ನು ಸೀಳಿ ಮೇಲಿಡಿ. ಹುಳಿ ಖಾರ ಇಂಗಿನ ಮುಂದೆ ಕೊಂಜಾಕ್ ವಾಸನೆ ಬಾಲ ಬಿಚ್ಚುವುದಿಲ್ಲ.

ನಿಂಬೆಹಣ್ಣಿನ ಒಗ್ಗರಣೆ. ಶಾವಿಗೆ ಚಿತ್ರಾನ್ನದ ಕ್ರಮವೇ. ಒಂದು ದೊಡ್ಡ ಚಮಚ ಕಡಲೆಕಾಯಿ ಬೀಜವನ್ನು ಮೊದಲೇ ಎಣ್ಣೆ ಇಲ್ಲದೆ ಹುರಿದಿಟ್ಟುಕೊಳ್ಳಿ. ಎಣ್ಣೆಯಲ್ಲಿ ಹುರಿದರೆ ಅಳತೆ ತಪ್ಪುತ್ತದೆ. ಒಂದು ಟೀ ಚಮಚ ಎಣ್ಣೆಗೆ ಸಾಸಿವೆ, ಅರ್ಧ ಚಮಚ ಉದ್ದಿನಬೇಳೆ, ಒಂದು ಚಮಚ ಕಡಲೆಬೇಳೆ, ಇಂಗು, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಅರಿಸಿನ. ಉದ್ದುದ್ದ ಹೆಚ್ಚಿದ ಈರುಳ್ಳಿ, ಎಲೆಕೋಸು ಹಾಕಿ ಜೋರು ಉರಿಯಲ್ಲಿ ಎರಡು ನಿಮಿಷ ಬಾಡಿಸಿ. ಪ್ರೋಟೀನಿಗೆ ಬೇಯಿಸಿದ ಹೆಸರುಕಾಳು ಸೇರಿಸಿ. ಹಂತ 5ರಲ್ಲಿ ಹುರಿದ ನೂಡಲ್ಸ್, ಹುರಿದಿಟ್ಟ ಕಡಲೆಕಾಯಿ ಬೀಜ, ಉಪ್ಪು, ಹುರಿಗಡಲೆ ಪುಡಿ ಹಾಕಿ ಕೈಯಾಡಿಸಿ ಒಲೆ ಆರಿಸಿ. ಆಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಒಲೆ ಮೇಲಿರುವಾಗಲೇ ಹಿಂಡಿದರೆ ಕಹಿಯಾಗುತ್ತದೆ. ಕಾಯಿತುರಿ ಒಂದು ದೊಡ್ಡ ಚಮಚ ಉದುರಿಸಿದರೆ ಅಡ್ಡಿಯಿಲ್ಲ, ಹಿಡಿಗಟ್ಟಲೆ ಬೇಡ. ನಿಂಬೆಯ ಬದಲು ಪುಳಿಯೋಗರೆ ಗೊಜ್ಜೂ ತುಂಬಾ ಚೆನ್ನಾಗಿ ಹೊಂದುತ್ತದೆ. ಅದು ದಪ್ಪಗಿರುವುದರಿಂದ ಚೆನ್ನಾಗಿ ಮೆತ್ತುತ್ತದೆ. ಆದರೆ ಗೊಜ್ಜಿನಲ್ಲಿ ಎಣ್ಣೆ, ಬೆಲ್ಲ ಎರಡೂ ಇವೆ, ಎರಡು ಟೀ ಚಮಚ ದಾಟಬೇಡಿ.

ಮೊಟ್ಟೆ ಹಾಕಿ, ರಸ್ತೆಬದಿ ಗಾಡಿಯ ರುಚಿಗೆ. ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ಹೂವಿನ ಬಿಳಿ ಭಾಗ, ದಪ್ಪಮೆಣಸಿನಕಾಯಿ, ಕ್ಯಾರೆಟ್, ಎಲೆಕೋಸು ಎಲ್ಲವನ್ನೂ ತೆಳ್ಳಗೆ ಉದ್ದಕ್ಕೆ ಹೆಚ್ಚಿ. ತರಕಾರಿ ನೂಡಲ್ಸಿನಷ್ಟೇ ಇರಲಿ, ಜಾಸ್ತಿ ಇದ್ದರೂ ಸರಿ. ಜೋರು ಉರಿ, ಒಂದು ಟೀ ಚಮಚ ಎಣ್ಣೆ, ತರಕಾರಿ ಕರುಂ ಅನ್ನುವ ಹಾಗೆ ಉಳಿಯಬೇಕು. ಹುರಿದ ನೂಡಲ್ಸ್ ಹಾಕಿ ಬದಿಗೆ ತಳ್ಳಿ, ಖಾಲಿ ಜಾಗಕ್ಕೆ ಎರಡು ಕಡೆದ ಮೊಟ್ಟೆ ಸುರಿಯಿರಿ. ಮೊಟ್ಟೆ ಅರ್ಧ ಬೆಂದು ಇನ್ನೂ ಒದ್ದೆ ಇರುವಾಗಲೇ ನೂಡಲ್ಸನ್ನು ಎಳೆದು ಕಲಸಿ. ಎಳೆ ಎಳೆಗೂ ಮೊಟ್ಟೆಯ ತೆಳು ಲೇಪ ಕೂರುತ್ತದೆ. ಆಮೇಲೆ ಹಾಕುವ ಒಂದು ಟೀ ಚಮಚ ಸೋಯಾ, ಮೆಣಸಿನ ಪುಡಿ, ವಿನೆಗರ್ ಆ ಲೇಪಕ್ಕೆ ಅಂಟಿಕೊಳ್ಳುತ್ತವೆ. ಮೊಟ್ಟೆ ಪೂರ್ತಿ ಗಟ್ಟಿಯಾದ ಮೇಲೆ ಕಲಸಿದರೆ ಮೊಟ್ಟೆ ಪುಡಿ ಬೇರೆ, ನೂಡಲ್ಸ್ ಬೇರೆ.

ಯಾವುದಕ್ಕೆ ಹೊಂದುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಶಾವಿಗೆ ಪಾಯಸ ಬೇಡವೇ ಬೇಡ. ಹಾಲಿನಲ್ಲಿ ಜಾರುವ ಎಳೆ, ಮೇಲೆ ಸಣ್ಣ ವಾಸನೆ, ಯಾರಿಗೂ ಇಷ್ಟವಾಗುವುದಿಲ್ಲ. ಉಪ್ಪಿಟ್ಟಿನ ಹಾಗೆ ಮೆತ್ತಗೆ ಮಾಡಲೂ ಆಗುವುದಿಲ್ಲ.

ಕೊಂಜಾಕ್ ಸಿಗದಿದ್ದರೆ, ಅಥವಾ ಹಿಡಿಸದಿದ್ದರೆ

ತರಕಾರಿಯೇ ಇದೆಯಲ್ಲ. ಸ್ಪೈರಲೈಸರ್ ಅಂದರೆ ತರಕಾರಿಯನ್ನು ಸುರುಳಿ ಎಳೆಯಾಗಿ ಕೊರೆಯುವ ಸಾಧನ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಿಪ್ಪೆ ತೆಗೆಯುವ ಪೀಲರಿನಿಂದ ಉದ್ದಕ್ಕೆ ಪಟ್ಟಿ ಹೆರೆದು ಚಾಕುವಿನಲ್ಲಿ ಸೀಳಿದರೂ ಆಯಿತು.

ಎಲ್ಲರೂ ಜುಕೀನಿ ಅನ್ನುತ್ತಾರೆ. ನನ್ನ ಓಟು ಸೀಮೆಬದನೆಗೆ. ಗಟ್ಟಿ ಇದೆ, ನೀರು ಕಡಿಮೆ ಬಿಡುತ್ತದೆ, ಪ್ರತಿ ಸಂತೆಯಲ್ಲಿ ಸಿಗುತ್ತದೆ, 100 ಗ್ರಾಂಗೆ 20 ಕ್ಯಾಲೊರಿಯೂ ಇಲ್ಲ. ಸಿಪ್ಪೆ ತೆಗೆಯುವಾಗ ಕೈಗೆ ಎಣ್ಣೆ ಸವರಿಕೊಳ್ಳಿ, ಅಂಟು ಹತ್ತುವುದಿಲ್ಲ. ಎಳೆ ಸೋರೆಕಾಯಿಯೂ ಆದೀತು, ಒಳಗಿನ ಮೆತ್ತನೆ ತಿರುಳು ಬೀಜ ಬಿಟ್ಟು ಹೊರಗಿನ ಗಟ್ಟಿ ಭಾಗ ಮಾತ್ರ. ಇಲ್ಲಿ ಒಂದು ಎಚ್ಚರಿಕೆ: ಸೋರೆಕಾಯಿ ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಉಗಿದು ಇಡೀ ಕಾಯಿ ಎಸೆಯಿರಿ. ಕಹಿ ಸೋರೆಕಾಯಿ ವಿಷ, ಬೇಯಿಸಿದರೂ ಹೋಗುವುದಿಲ್ಲ. ಸೌತೆಕಾಯಿ, ಜುಕೀನಿಗೂ ಇದೇ ಪರೀಕ್ಷೆ ಇರಲಿ.

ಕ್ರಮ ಸರಳ. ಎಳೆಗಳಿಗೆ ಕಾಲು ಚಮಚ ಉಪ್ಪು ಸವರಿ ಹತ್ತು ಹದಿನೈದು ನಿಮಿಷ ಜಾಲರಿಯಲ್ಲಿ ಬಿಡಿ, ಬಟ್ಟೆಯಲ್ಲಿ ಹಿಂಡಿ. ಜೋರು ಉರಿಯಲ್ಲಿ ಎರಡು ನಿಮಿಷ, ಸೀಮೆಬದನೆಗೆ ನಾಲ್ಕು ನಿಮಿಷ. ಮುಚ್ಚಳ ಮುಚ್ಚಬೇಡಿ, ಮುಚ್ಚಿದರೆ ಪಲ್ಯ ಆಗುತ್ತದೆ. ಮೊದಲೇ ಉಪ್ಪು ಸವರಿದ್ದೀರಿ, ಮಸಾಲೆಗೆ ಉಪ್ಪು ಕಮ್ಮಿ.

ಮನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆ ಆಗಬೇಕು, ಬೇರೆ ಬೇರೆ ಪಾತ್ರೆ ಇಡಲಾಗದು ಅನ್ನುವವರಿಗೆ ಅರ್ಧರ್ಧ ಮಾಡುವುದೇ ಸರಿ. ನಿಮ್ಮ ಪಾಲಿಗೆ 35 ಗ್ರಾಂ ಒಣ ಶಾವಿಗೆ (ಸುಮಾರು 125 ಕ್ಯಾಲೊರಿ), ಅದರ ಎರಡರಷ್ಟು ಉದ್ದಕ್ಕೆ ಹೆಚ್ಚಿದ ಎಲೆಕೋಸು. ಬಾಯಿಗೆ ಶಾವಿಗೆ ರುಚಿ ಸಿಗುತ್ತದೆ, ತಟ್ಟೆ ತುಂಬಿರುತ್ತದೆ. ತಿಂಗಳಾನುಗಟ್ಟಲೆ ನಡೆಸಿಕೊಂಡು ಹೋಗಲು ಕೊಂಜಾಕ್‌ಗಿಂತ ಇದೇ ಸುಲಭ.

ಯಾರು ಹುಷಾರಾಗಿರಬೇಕು?

ಇದು ಔಪಚಾರಿಕತೆಗೆ ಬರೆದದ್ದಲ್ಲ, ದಯವಿಟ್ಟು ಓದಿ.

ಸಣ್ಣ ಮಕ್ಕಳಿಗೆ ಕೊಡಬೇಡಿ. ನುಂಗಲು ಕಷ್ಟ ಇರುವ ಹಿರಿಯರಿಗೂ, ಹಲ್ಲು ಸರಿಯಿಲ್ಲದವರಿಗೂ ಬೇಡ. ಕೊಂಜಾಕ್‌ನಿಂದ ಮಾಡಿದ ಪುಟ್ಟ ಕಪ್ ಜೆಲ್ಲಿಗಳು ಗಂಟಲಲ್ಲಿ ಸಿಕ್ಕಿಕೊಂಡು ಸಾವುಗಳಾಗಿ, ಐರೋಪ್ಯ ಒಕ್ಕೂಟ, ಆಸ್ಟ್ರೇಲಿಯಾಗಳಲ್ಲಿ ಅವನ್ನು ನಿಷೇಧಿಸಿದ್ದಾರೆ. ನೂಡಲ್ಸ್ ಅಷ್ಟು ಅಪಾಯಕಾರಿ ಅಲ್ಲ. ಆದರೂ ಜಾರುವ ಗುಣ ಅದೇ. ಕತ್ತರಿಸಿ, ಅಗಿದು ತಿನ್ನಿ, ಜೊತೆಗೆ ನೀರು ಕುಡಿಯಿರಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ಶುರು ಮಾಡಿ. ಔಷಧಿಯ ಪ್ರಮಾಣ ನೀವು ತಿನ್ನುವ ಅನ್ನ ಮುದ್ದೆ ನೋಡಿ ನಿಗದಿಯಾಗಿರುತ್ತದೆ. ಅದನ್ನು ದಿಢೀರ್ ತೆಗೆದು ಕೊಂಜಾಕ್ ಇಟ್ಟರೆ ಸಕ್ಕರೆ ತೀರಾ ಇಳಿಯಬಹುದು. ಯಾವುದೇ ಮಾತ್ರೆಯನ್ನು ಈ ಊಟದ ಜೊತೆಗೇ ನುಂಗಬೇಡಿ. ಇಂಥ ನಾರು ಔಷಧಿಯನ್ನು ಮೈ ಹೀರಿಕೊಳ್ಳುವುದಕ್ಕೆ ಅಡ್ಡ ಬರಬಹುದು. ಎಷ್ಟು ಹೊತ್ತು ಅಂತರ ಬೇಕು ಅಂತ ಡಾಕ್ಟರ್ ಹತ್ತಿರವೇ ಕೇಳಿ, ಥೈರಾಯ್ಡ್ ಮಾತ್ರೆಯವರು ಮುಖ್ಯವಾಗಿ. ಹೊಟ್ಟೆ, ಕರುಳಿನ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಬಾಣಂತಿಯರು ಇಂಥ ಪ್ರಯೋಗ ಈಗ ಬೇಡ.

ಉಳಿದವರಿಗೂ ಮೊದಲ ಸಲ ಅರ್ಧ ಪ್ಯಾಕೆಟ್ ಸಾಕು. ಅಭ್ಯಾಸ ಇಲ್ಲದ ಹೊಟ್ಟೆಗೆ ಇಷ್ಟು ನಾರು ಒಮ್ಮೆಲೇ ಬಿದ್ದರೆ ಗ್ಯಾಸ್, ಹೊಟ್ಟೆಯುಬ್ಬರ ಆಗುತ್ತದೆ. ವಾರದಲ್ಲಿ ಎರಡು ಮೂರು ಊಟ ಸರಿ. ದಿನಾ ಮೂರು ಹೊತ್ತು ಇದನ್ನೇ ತಿಂದು ತೂಕ ಇಳಿಸುತ್ತೇನೆ ಅನ್ನುವುದು ಡಯಟ್ ಅಲ್ಲ, ಉಪವಾಸ.

ಉಳಿದರೆ ಇಡುವುದು ಹೇಗೆ?

ಒಡೆಯದ ಪ್ಯಾಕೆಟ್ಟನ್ನು ಅದರ ಮೇಲೆ ಬರೆದ ಹಾಗೆ ಇಡಿ. ಕೆಲವು ಹೊರಗೆ ಇರುತ್ತವೆ, ಕೆಲವಕ್ಕೆ ಫ್ರಿಜ್ ಬೇಕು. ಅರ್ಧ ಉಳಿದ ನೂಡಲ್ಸನ್ನು ಶುದ್ಧ ನೀರಲ್ಲಿ ಮುಳುಗಿಸಿ, ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು, ದಿನಾ ನೀರು ಬದಲಿಸಿದರೆ ಎರಡು ಮೂರು ದಿನ ಇರುತ್ತದೆ. ಮಸಾಲೆ ಹಾಕಿದ್ದನ್ನು ಮರುದಿನಕ್ಕೆ ಮುಗಿಸಿ. ತಿನ್ನುವ ಮೊದಲು ಬಾಣಲೆಯಲ್ಲಿ ಮತ್ತೊಮ್ಮೆ ಬಿಸಿ ಮಾಡಿ, ಅಷ್ಟು ಹೊತ್ತಿಗೆ ಅದು ಸ್ವಲ್ಪ ನೀರು ಬಿಟ್ಟಿರುತ್ತದೆ. ಆಫೀಸಿಗೆ ಡಬ್ಬಿ ಒಯ್ಯುವವರು ಒಗ್ಗರಣೆಯದನ್ನು ಒಯ್ಯಿರಿ, ಸಾರಿನದಾದರೆ ಸಾರು ಬೇರೆ, ನೂಡಲ್ಸ್ ಬೇರೆ ತುಂಬಿಸಿ.

ಫ್ರೀಜರಿಗೆ ಮಾತ್ರ ಹಾಕಬೇಡಿ. ಒಳಗಿನ ನೀರು ಮಂಜುಗಡ್ಡೆಯಾಗಿ ಬೇರ್ಪಟ್ಟು, ಕರಗಿದ ಮೇಲೆ ಎಳೆ ಸ್ಪಂಜಿನ ಹಾಗೆ ತೂತುತೂತಾಗುತ್ತದೆ. ಜಪಾನಿನ ಇಬರಾಕಿ ಕಡೆ ಕೊನ್ಯಾಕು ತುಂಡುಗಳನ್ನು ಚಳಿಗಾಲದಲ್ಲಿ ಹೊರಗೆ ಹರವಿ, ಬೇಕಂತಲೇ ಹೆಪ್ಪುಗಟ್ಟಿಸಿ ಒಣಗಿಸಿ ಇಡುವ ಪದ್ಧತಿ ಇದೆ. ಹಾಗೆ ಮಾಡಿದ್ದು ರಸ ಹೀರುತ್ತದೆ, ಅವರು ಬೇಯಿಸಿ ತಿನ್ನುತ್ತಾರೆ. ನಮ್ಮ ನೂಡಲ್ಸಿಗೆ ಆ ಗತಿ ಬೇಡ.